ಕೆಂಪರಾಜನ ಕೈಬ್ರೇಕು

ದೊಡ್ಡಬಳ್ಳಾಪುರದ ಆ ಬೀದಿಗೆ ನಾನು ಮನೆ ಬದಲಾಯಿಸಿದ ದಿನವೇ ಎದುರು ಮನೆಯ ಮುಂದೆಯೂ ಒಂದು ಲಗೇಜ್ ಆಟೋ ಬಂದು ನಿಂತಿತ್ತು. ನನ್ನ ಆಟೋದಿಂದ ಪುಸ್ತಕದ ಪೆಟ್ಟಿಗೆಗಳು ಇಳಿಯುತ್ತಿದ್ದವು. ಆ ಆಟೋದಲ್ಲಿ ಹಗ್ಗ ಬಿಗಿದು ಮಲಗಿಸಿದ ಒಂದು ಮೋಟಾರ್‌ಸೈಕಲ್ಲು ಇತ್ತು. ಅದರ ಮುಂದಿನ ಚಕ್ರ ಸುಟ್ಟ ಹಪ್ಪಳದಂತೆ ಸೊಟ್ಟಗಾಗಿತ್ತು. ದೀಪವಿರಬೇಕಾದ ಜಾಗದಲ್ಲಿ ಎರಡು ವೈರುಗಳು ನೇತಾಡುತ್ತಿದ್ದವು. ಊರುಗೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದ ನಲವತ್ತೈದರ ಆಸುಪಾಸಿನ ಗಂಡಸೊಬ್ಬ, "ನಿಧಾನ ಕಣಪ್ಪಾ, ಟ್ಯಾಂಕು ಉಜ್ಜುತ್ತೆ" ಎಂದು ಆಟೋದವನಿಗೆ ಹೇಳುತ್ತಿದ್ದ. ಬಾಗಿಲಲ್ಲಿ ಅವನ ಹೆಂಡತಿ ಎರಡೂ ಕೈಗಳನ್ನು ಚೌಕಟ್ಟಿಗೆ ಕೊಟ್ಟು ದಾರಿ ಕಟ್ಟಿದ್ದಳು.

"ಇದನ್ನ ಗುಜರಿಗೆ ಹಾಕಿ ಬನ್ನಿ ಅಂತಲ್ವಾ ನಾನು ಕಳಿಸಿದ್ದು?"

"ಗುಜರಿಯವನು ಊಟಕ್ಕೆ ಹೋಗಿದ್ದ ಕಣೇ."

"ಹಾಗಾದ್ರೆ ನೀವೂ ಊಟಕ್ಕೆ ಅಲ್ಲಿಗೇ ಹೋಗಿ."

ಅವನು ಕೆಂಪರಾಜ, ಅವಳು ದಿವ್ಯ. ಗಾಡಿ ಕೊನೆಗೂ ಅಂಗಳದೊಳಗೆ ಹೋಯಿತು. ಆಮೇಲೆ ನಡೆದದ್ದನ್ನು ದಿವ್ಯ ಮೊದಲು ನನ್ನ ಮನೆಯಾಕೆಗೆ ಹೇಳಿಕೊಂಡಳು, ಬಳಕೆಯಾದ ಮೇಲೆ ನನಗೂ ಹೇಳಿದಳು. ಅವಳು ಹೇಳಿದಂತೆಯೇ ಬರೆಯುತ್ತಿದ್ದೇನೆ.

ಕೆಂಪರಾಜ ಮಗ್ಗದ ಫಿಟ್ಟರು. ಊರಿನ ಪವರ್‌ಲೂಮ್ ಶೆಡ್ಡುಗಳಲ್ಲಾಗಲಿ ಸುತ್ತಲ ಹಳ್ಳಿಗಳಲ್ಲಾಗಲಿ ಮಗ್ಗ ನಿಂತರೆ ಅವನಿಗೆ ಫೋನು ಬರುತ್ತಿತ್ತು. ಹೊಸಬರಿಗೆ ಒಂದೇ ಗದ್ದಲವಾಗಿ ಕೇಳುವ ಆ ಖಟಖಟ ಸದ್ದಿನೊಳಗೆ ಯಾವ ಮಗ್ಗಕ್ಕೆ ನೋವಾಗಿದೆ ಎಂಬುದನ್ನು ಶೆಡ್ಡಿನ ಬಾಗಿಲಲ್ಲಿ ನಿಂತೇ ಹೇಳಬಲ್ಲವನಾಗಿದ್ದ. ಹೋದ ವರ್ಷ ಒಂದು ಸಂಜೆ ಘಾಟಿ ದೇವಸ್ಥಾನದ ಕಡೆಯ ಹಳ್ಳಿಯೊಂದರಿಂದ ಕೆಲಸ ಮುಗಿಸಿ ಹಿಂದಿರುಗುತ್ತಿದ್ದಾಗ, ಇಳಿಜಾರಿನ ತಿರುವಿನಲ್ಲಿ ಕರುವೊಂದು ಅಡ್ಡ ಬಂತು. ಗಾಡಿ ಮೋರಿಯ ಕಟ್ಟೆಗೆ ಬಡಿದು ಕೆಳಗೆ ಹೋಯಿತು. ಅವನು ಗಾಡಿಯ ಕೆಳಗೆ ಹೋದ. ನಾಲ್ಕು ತಿಂಗಳು ಮಂಚ ಹಿಡಿದು ಎದ್ದಾಗ ಬಲಗಾಲಿನ ಪಾದದ ಗಂಟು ಮಡಿಸಲು ಬರುತ್ತಿರಲಿಲ್ಲ. ಕೋಲೂರಿ ನಡೆಯಲು ಅಡ್ಡಿಯಿಲ್ಲ, ಆದರೆ ಆ ಪಾದದಿಂದ ಏನನ್ನೂ ಅದುಮಲಾಗದು. ಮೋಟಾರ್‌ಸೈಕಲ್ಲಿನ ಹಿಂದಿನ ಬ್ರೇಕು ಇರುವುದು ಆ ಪಾದದ ಕೆಳಗೇ.

ಗಾಡಿ ಮುರಿದು ಬಿದ್ದಿದ್ದಷ್ಟು ದಿನ ದಿವ್ಯಳಿಗೆ ನೆಮ್ಮದಿಯೇ ಇತ್ತು. ಬೆಳಿಗ್ಗೆ ಪಕ್ಕದ ಬೀದಿಯ ಶೆಡ್ಡಿಗೆ ಹೋಗಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವಳು, ಸಂಜೆ ಬರುವಳು, ಅಂಗಳದಲ್ಲಿ ಆ ಕಬ್ಬಿಣ ಮಲಗಿದ್ದಲ್ಲೇ ಮಲಗಿರುವುದನ್ನು ನೋಡಿ ಒಳಗೆ ಹೋಗುವಳು. ಭಯ ಶುರುವಾದದ್ದು ಅದು ಸರಿಯಾಗತೊಡಗಿದ ಮೇಲೆ. ಒಂದು ದಿನ ಚಕ್ರ ದುಂಡಗಾಯಿತು. ಇನ್ನೊಂದು ದಿನ ದೀಪ ಬಂತು. ಒಂದು ಸಂಜೆ ಅವಳು ಬರುವಷ್ಟರಲ್ಲಿ ಗಾಡಿ ಎದ್ದು ತನ್ನ ಕಾಲ ಮೇಲೆ ನಿಂತಿತ್ತು. ಅದನ್ನು ಕಂಡು ಅವಳು ಬೀಗದ ಕೈಯನ್ನು ತೆಗೆದುಕೊಂಡು ಹೋಗಿ ರಾಗಿಹಿಟ್ಟಿನ ಡಬ್ಬದೊಳಗೆ ಹೂತಿಟ್ಟಳು. ಮೂರನೆಯ ದಿನ ಗಾಡಿಗೆ ಹೊಸ ಬೀಗವೇ ಬಂತು. ಮುದ್ದೆಯಲ್ಲಿ ಹಳೆಯ ಬೀಗದ ಕೈ ಸಿಗದಿರಲಿ ಎಂದಷ್ಟೇ ಹೇಳಿ ಕೆಂಪರಾಜ ಊಟಕ್ಕೆ ಕುಳಿತ.

ಅವನ ಗೆಳೆಯ ನವಾಜನದು ಹಿಂದಿನ ಬೀದಿಯಲ್ಲಿ ವೆಲ್ಡಿಂಗ್ ಅಂಗಡಿ. ಮುಂದಿನ ಚಕ್ರವನ್ನು ಹಿಡಿದಿರುವ, ಬಾಗಿದ್ದ ಫೋರ್ಕನ್ನು ನೇರ ಮಾಡಿಕೊಡಲು ಅವನು ಒಪ್ಪಲಿಲ್ಲ. "ಒಂದ್ಸಲ ಬಗ್ಗಿದ ಕಬ್ಬಿಣಕ್ಕೆ ಮತ್ತೆ ಬಗ್ಗೋ ಚಟ ಇರುತ್ತೆ ಕೆಂಪಣ್ಣಾ, ಬೇರೆ ಹಾಕು" ಎಂದು ತಾನೇ ಒಂದು ಹುಡುಕಿ ತಂದ. ಮಿಕ್ಕಿದ್ದೆಲ್ಲ ಕೆಂಪರಾಜನ ಕೈಕೆಲಸ. ಚಕ್ರಗಳೆರಡೂ ಒಂದೇ ಸಾಲಿನಲ್ಲಿವೆಯೇ ಎಂದು ಮಗ್ಗದವರ ರೀತಿಯಲ್ಲಿ ನೂಲು ಎಳೆದು ನೋಡಿದ. ಸವೆದ ಲಾಳಿಯ ಮರವನ್ನು ಕೊರೆದು ಹ್ಯಾಂಡಲ್ಲಿಗೆ ಹಿಡಿ ಮಾಡಿದ. ಬಲಗಾಲು ಚಾಚಿ ಇಟ್ಟುಕೊಳ್ಳಲು ಅನುಕೂಲವಾಗುವಂತೆ ಪಾದದ ಕಡ್ಡಿಯನ್ನು ಮುಂದಕ್ಕೆ ತಂದ. ಶೆಡ್ಡಿನ ಬಾಗಿಲಿಗೆ ಬಳಿದು ಉಳಿದಿದ್ದ ನೀಲಿ ಬಣ್ಣವನ್ನು ಟ್ಯಾಂಕಿಗೆ ಹೊಡೆದ. ಎಲ್ಲಕ್ಕಿಂತ ಮುಖ್ಯವಾಗಿ, ಎಡಗೈಯ ಕ್ಲಚ್ಚಿನ ಹಿಡಿಕೆಯ ಕೆಳಗೆ ಇನ್ನೊಂದು ಹಿಡಿಕೆಯನ್ನು ಕೂರಿಸಿ, ಅಲ್ಲಿಂದ ಹಿಂದಿನ ಚಕ್ರದವರೆಗೂ ಕೇಬಲ್ ಎಳೆದು, ಕಾಲಿನ ಬ್ರೇಕನ್ನು ಕೈಗೆ ತಂದುಕೊಂಡ.

"ಏನ್ ಗುರು, ಇದು ಬೈಕೋ ಮಗ್ಗವೋ?" ಎಂದು ನವಾಜ್ ರೇಗಿಸಿದ. "ಓಡಿಸ್ತಾ ಓಡಿಸ್ತಾ ಸೀರೆನೂ ನೇಯುತ್ತಾ?"

"ನೇಯ್ದರೆ ಮೊದಲ ಸೀರೆ ನಿನ್ನ ಹೆಂಡತಿಗೇ ಕಣೋ."

"ಬೇಡಣ್ಣಾ. ನಮ್ಮೋಳು ಗ್ರೀಸಿನ ಬಾರ್ಡರ್ ಉಡಲ್ಲ."

ಅವರು ನಗುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ದಿವ್ಯ ನಗಲಿಲ್ಲ. ಆಸ್ಪತ್ರೆಯಲ್ಲಿ ಅವನ ಪಾದವನ್ನು ಬಿಳಿ ಬಟ್ಟೆ ಸರಿಸಿ ತೋರಿಸಿದ ಗಳಿಗೆ ಅವಳಿಗೆ ಮರೆತಿರಲಿಲ್ಲ. ಹಳ್ಳಿಯ ಶೆಡ್ಡುಗಳಿಗೆ ಬಸ್ಸಿನಲ್ಲಿ ಹೋಗಿಬರುವುದು ಆಗದ ಮಾತೆಂದು ಅವಳಿಗೂ ತಿಳಿದಿತ್ತು. ಆದ್ದರಿಂದ ಬೇಡವೆನ್ನುವ ಧೈರ್ಯವೂ ಇರಲಿಲ್ಲ. ಒಂದೇ ಒಂದು ಕರಾರು ಹಾಕಿದಳು.

"ನೀವು ಏನಾದ್ರೂ ಮಾಡ್ಕೊಳ್ಳಿ. ಸಿಂಚನಾನ ಮಾತ್ರ ಅದರ ಮೇಲೆ ಹತ್ತಿಸಬೇಡಿ."

ಸಿಂಚನ ಅವರ ಒಬ್ಬಳೇ ಮಗಳು, ಡಿಗ್ರಿ ಎರಡನೆಯ ವರ್ಷ. ಕೆಂಪರಾಜ ಆಗಲಿ ಎಂದು ತಲೆಯಾಡಿಸಿದ.

ಗಾಡಿ ಮುಗಿಯಿತು. ಮೊದಲು ಅಂಗಳದಲ್ಲಿ, ಆಮೇಲೆ ಬೀದಿಯಲ್ಲಿ ಮೆಲ್ಲಗೆ ಓಡಿಸಿ ನೋಡಿದ. ಸೋಮವಾರದಿಂದ ಶೆಡ್ಡುಗಳಿಗೆ ಹೊರಡುವುದೆಂದು ಗೊತ್ತಾಯಿತು. ಹಿಂದಿನ ದಿನ ಭಾನುವಾರ ಬೆಳಿಗ್ಗೆ ದಿವ್ಯ ಕೈಯೊರೆಸಿಕೊಂಡು ಅಂಗಳಕ್ಕೆ ಬಂದಳು.

"ಬ್ರೇಕು ಹಿಡಿಯುತ್ತೆ ಅಂತೀರಲ್ಲ, ನಾನೊಂದು ಸಲ ನೋಡ್ತೀನಿ."

"ನೀನು ಸೈಕಲ್ಲೂ ತುಳಿದವಳಲ್ಲ. ಇದರಲ್ಲಿ ಏನ್ ನೋಡ್ತೀಯೆ?"

"ಹಿಡಿಯೋಕೆ ಕೈ ಇದ್ರೆ ಸಾಕಲ್ವಾ?"

ಅವನು ನಗುತ್ತಾ ಗಾಡಿಯನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಅವಳನ್ನು ಕೂರಿಸಿ, ಕೆಳಗಿನ ಹಿಡಿಕೆಯನ್ನು ತೋರಿಸಿ, ಹಿಂದಿನ ಚಕ್ರವನ್ನು ಕೈಯಿಂದ ಜೋರಾಗಿ ತಿರುಗಿಸಿದ. ದಿವ್ಯ ಎದುರಿನ ಗೋಡೆಯನ್ನು ನೋಡಿದಳು. ಗೋಡೆ ಅಲ್ಲಿಯೇ ಇತ್ತು, ಗಾಡಿಯೂ ನಿಂತಲ್ಲೇ ನಿಂತಿತ್ತು. ಆದರೂ ಅವಳಿಗೆ ಆ ಗೋಡೆ ಮೋರಿಯ ಕಟ್ಟೆಯಂತೆ ಕಂಡಿತು. ಹಲ್ಲು ಕಚ್ಚಿ, ಮೈಯ ಬಲವನ್ನೆಲ್ಲ ಬೆರಳಿಗೆ ತಂದು ಹಿಡಿಕೆಯನ್ನು ಅಮುಕಿದಳು.

ಟಕ್ ಎಂದು ಒಂದು ಸಣ್ಣ ಸದ್ದಾಯಿತು. ಹಿಡಿಕೆ ಸಡಿಲವಾಗಿ ಅವಳ ಅಂಗೈಗೆ ಬಂತು. ಚಕ್ರ ತಿರುಗುತ್ತಲೇ ಇತ್ತು. ಅಂಗಳದ ಕಲ್ಲಿನ ಮೇಲೆ ಎರಡು ತುಂಡು ಹಿತ್ತಾಳೆ ಉರುಳಿದವು.

"ನಾನು ಜೋರಾಗಿ ಹಿಡಿದ್ಬಿಟ್ಟೆನಾ?" ಎಂದಳು ದಿವ್ಯ.

ಕೆಂಪರಾಜ ಗೋಡೆ ಹಿಡಿದು ಕಷ್ಟದಿಂದ ಬಗ್ಗಿ ಆ ತುಂಡುಗಳನ್ನು ಹೆಕ್ಕಿಕೊಂಡ. ಕೇಬಲ್ಲಿನ ತುದಿಯನ್ನು ಚಕ್ರದ ಬ್ರೇಕಿಗೆ ಕೂಡಿಸುವ ಪಿನ್ನು ಅದು. ಉಕ್ಕಿನದಿರಬೇಕಿತ್ತು. ಹಾಕಿದವನು ಅವನೇ, ಹಿತ್ತಾಳೆಯದನ್ನು ಹಾಕಿದ್ದ.

ಮಗ್ಗದ ಕೆಲಸ ಬಲ್ಲವರಿಗೆ ಇದು ಅರ್ಥವಾಗುತ್ತದೆ. ಲಾಳಿ ಓಡುವಾಗ ನಡುವೆ ಸಿಕ್ಕಿಕೊಂಡರೆ ಮಗ್ಗ ನಿಲ್ಲದೆ ಬಡಿದು, ಹಾಸಿನ ಉದ್ದನೆಯ ಎಳೆಗಳೆಲ್ಲ ಹರಿದುಹೋಗುತ್ತವೆ. ದಿನಗಟ್ಟಲೆ ಕುಳಿತು ಒಂದೊಂದೇ ಎಳೆಯನ್ನು ಕಟ್ಟಬೇಕು. ಹಾಗಾಗದಿರಲೆಂದು ಕೆಂಪರಾಜ ತಾನು ರಿಪೇರಿ ಮಾಡುವ ಮಗ್ಗಗಳಲ್ಲಿ ಎಲ್ಲಾದರೂ ಒಂದು ಕಡೆ ಬೇಕೆಂದೇ ಮೆತ್ತನೆಯ ಪಿನ್ನು ಹಾಕುತ್ತಿದ್ದ. ಒತ್ತಡ ಹೆಚ್ಚಾದರೆ ಅದು ಮೊದಲು ಮುರಿಯಬೇಕು, ಮಿಕ್ಕದ್ದೆಲ್ಲ ಉಳಿಯಬೇಕು. ಇಪ್ಪತ್ತೈದು ವರ್ಷ ಹಾಗೆ ಮಾಡಿದ ಕೈ, ಗಾಡಿಗೂ ಅವನನ್ನು ಕೇಳದೆ ಹಾಗೆಯೇ ಮಾಡಿತ್ತು. ಅಂಗಳದಲ್ಲಿ ನೂರು ಸಲ ಪರೀಕ್ಷೆ ಮಾಡಿದ್ದ, ನಿಜ. ಆದರೆ ಫಿಟ್ಟರಿನ ಕೈಯಿಂದ, ಹದವಾಗಿ. ಹೆದರಿದವರು ಹಿಡಿಯುವಂತೆ ಒಂದು ಸಲವೂ ಹಿಡಿದಿರಲಿಲ್ಲ.

ಹೊಸ್ತಿಲ ಮೇಲೆ ತಲೆ ಬಾಚುತ್ತಾ ಕುಳಿತಿದ್ದ ಸಿಂಚನಳ ಕೈಯಿಂದ ಬಾಚಣಿಗೆ ಜಾರಿತು.

"ಅಪ್ಪಾ," ಎಂದಳು, "ನಿನ್ನೆ ನಾವು ಇದರಲ್ಲೇ ಅಲ್ವಾ..."

ದಿವ್ಯ ಮಗಳ ಕಡೆ ತಿರುಗಿದಳು. "ನಿನ್ನೆ ಎಲ್ಲಿಗೆ?"

ಸಿಂಚನಳೇ ಹೇಳಿದಳು. ಶನಿವಾರ ದಿವ್ಯ ಶೆಡ್ಡಿಗೆ ಹೋದಮೇಲೆ ಕೆಂಪರಾಜ ಗಾಡಿ ತೆಗೆದಿದ್ದ. ಘಾಟಿ ದಾರಿಯಲ್ಲಿ ಆ ಮೋರಿಯನ್ನು ಒಂದು ಸಲ ದಾಟಿ ಬಾರದಿದ್ದರೆ ಸೋಮವಾರ ತನಗೆ ಹೊರಡುವುದಕ್ಕೇ ಆಗುವುದಿಲ್ಲ ಎಂದಿದ್ದ. ಒಬ್ಬನನ್ನೇ ಕಳಿಸಲು ಮನಸ್ಸಾಗದೆ ಸಿಂಚನ ಹಿಂದೆ ಹತ್ತಿ ಕುಳಿತಿದ್ದಳು. ಅವನು ಇಳಿ ಎಂದರೂ ಇಳಿದಿರಲಿಲ್ಲ. ಘಾಟಿಯವರೆಗೆ ಹೋಗಿ, ದೇವರಿಗೆ ಕೈಮುಗಿದು, ಅದೇ ಇಳಿಜಾರಿನಲ್ಲಿ ಇಳಿದು ಬಂದಿದ್ದರು.

"ತಿರುವಿನಲ್ಲಿ ಅಪ್ಪ ಬ್ರೇಕು ಹಿಡಿದ್ರು. ಹಿಡೀತು," ಎಂದಳು. "ಮೂರು ಸಲ ಹಿಡಿದ್ರು. ಮೂರು ಸಲವೂ ಹಿಡೀತು."

ದಿವ್ಯ ಇನ್ನೂ ಗಾಡಿಯ ಮೇಲೆಯೇ ಕುಳಿತಿದ್ದಳು. ನಿನ್ನೆಯ ಇಳಿಜಾರು ಅವಳ ಕಣ್ಣ ಮುಂದೆ ಈಗ ನಡೆಯುತ್ತಿತ್ತು. ನಾಲ್ಕನೆಯ ಸಲ ಹಿಡಿದಿದ್ದರೆ ಏನಾಗುತ್ತಿತ್ತು? ಕರುವೊಂದು ಬಂದಿದ್ದರೆ?

"ಬಲಗೈಯಲ್ಲಿ ಇನ್ನೊಂದು ಬ್ರೇಕ್ ಇದೆಯಲ್ಲ, ಮುಂದಿನ ಚಕ್ರದ್ದು," ಎಂದು ಕಡೆಗೆ ಕೇಳಿದಳು. "ಅದಾದ್ರೂ ಹಿಡೀತಿರಲಿಲ್ವಾ?"

"ಅದನ್ನ ನಾನು ಮುಟ್ಟಲ್ಲ ದಿವ್ಯಾ." ಕೆಂಪರಾಜನ ದನಿ ಬಹಳ ಸಣ್ಣಗಿತ್ತು. "ಅವತ್ತು ಅದನ್ನ ಹಿಡಿದದ್ದಕ್ಕೇ ಗಾಡಿ ಜಾರಿದ್ದು. ಈಗ ಅದರ ಮೇಲೆ ಬೆರಳಿಡೋಕೆ ಹೋದ್ರೆ ಕೈ ತಾನಾಗೇ ಹಿಂದಕ್ಕೆ ಬರುತ್ತೆ."

ಅಂದರೆ ಘಾಟಿಯಿಂದ ಇಳಿದು ಬರುವಾಗ ತಂದೆ ಮಗಳಿಬ್ಬರನ್ನೂ ಹಿಡಿದು ನಿಲ್ಲಿಸಿದ್ದು ಕಡ್ಲೆಕಾಯಿ ಗಾತ್ರದ ಆ ಹಿತ್ತಾಳೆಯ ಚೂರು ಒಂದೇ.

ಸೋಮವಾರ ಗಾಡಿ ಹೊರಡಲಿಲ್ಲ. ಮಂಗಳವಾರ ನವಾಜ್ ಉಕ್ಕಿನ ಪಿನ್ನು ತಂದುಕೊಟ್ಟು, "ಇಷ್ಟೇ ಅಲ್ವಾ ಕೆಂಪಣ್ಣಾ, ಹಾಕ್ಕೊಂಡು ಹೊರಡು" ಎಂದ. ಕೆಂಪರಾಜ ಅದನ್ನು ಕಿಟಕಿಯ ಮೇಲಿಟ್ಟು, "ಇನ್ನೆಲ್ಲೆಲ್ಲಿ ಹೀಗೆ ಮಾಡಿದೀನೋ ನನಗೆ ಗೊತ್ತಿಲ್ಲ ಕಣೋ" ಎಂದ. "ನನ್ನ ಕೈಗೆ ಗೊತ್ತು. ಅದನ್ನ ಕೇಳೋದು ಹೇಗೆ?"

ಆ ಮಾತು ಒಳಗಿದ್ದ ದಿವ್ಯಳಿಗೆ ಕೇಳಿಸಿತು. ಅಂದು ಅವಳು ಕೆಲಸಕ್ಕೆ ಹೋಗಲಿಲ್ಲ. ಅಂಗಳದಲ್ಲಿ ಗೋಣಿತಾಟು ಹಾಸಿ ಕುಳಿತು, "ಬಿಚ್ಚಿ" ಎಂದಳು. ಬೀಗದ ಕೈ ಅಡಗಿಸಿದ್ದವಳೇ ಈಗ ಎದುರಿಗೆ ಕುಳಿತು ಒಂದೊಂದು ಕೀಲನ್ನೂ ಒಂದೊಂದು ಬೋಲ್ಟನ್ನೂ ಕೈಗೆ ತೆಗೆದುಕೊಂಡು ಅವೇ ಎರಡು ಪ್ರಶ್ನೆಗಳನ್ನು ಕೇಳುತ್ತಾ ಹೋದಳು:

"ಇದು ಮುರಿಯಬೇಕಾದ್ದೋ, ಮುರಿಯಬಾರದ್ದೋ?"

"ಮುರಿಯಬಾರದ್ದು."

"ಯಾವುದರಲ್ಲಿ ಮಾಡಿದೀರಿ?"

ಅವನು ಉಗುರಿನಿಂದ ಕೆರೆದು, ಅರದಿಂದ ಒಮ್ಮೆ ಉಜ್ಜಿ ನೋಡಿ ಉತ್ತರ ಹೇಳಬೇಕು. ಮಧ್ಯಾಹ್ನದವರೆಗೂ ಎಲ್ಲವೂ ಸರಿಯಿತ್ತು. ಸಂಜೆಯ ಹೊತ್ತಿಗೆ ಹ್ಯಾಂಡಲ್ಲನ್ನು ಹಿಡಿದಿಡುವ ಬೋಲ್ಟುಗಳ ಸರದಿ ಬಂತು. ನಾಲ್ಕರಲ್ಲಿ ಮೂರು ಉಕ್ಕಿನವು. ನಾಲ್ಕನೆಯದನ್ನು ಅರದಿಂದ ಉಜ್ಜಿದಾಗ ಕಪ್ಪು ಬಣ್ಣದ ಕೆಳಗಿನಿಂದ ಹಳದಿ ಮಿಂಚಿತು.

ದಿವ್ಯ ಅದನ್ನು ತೆಗೆದು ಬೇರೆಯಾಗಿ ಇಟ್ಟಳು. "ಮುಂದಿನದು ಕೊಡಿ" ಎಂದಳು.

ಹೀಗೆ ಗಾಡಿ ಎರಡನೆಯ ಸಲ ಕಟ್ಟಲ್ಪಟ್ಟಿತು. ಈ ಬಾರಿ ಕೆಂಪರಾಜ ಅದನ್ನು ಸಾರಿಗೆ ಕಚೇರಿಗೂ ಒಯ್ದು ಅಧಿಕಾರಿಗಳಿಗೆ ತೋರಿಸಿದ. ಅವರು ಎರಡು ಸಲ ತಿರುಗಿ ಕಳಿಸಿ, ಮೂರನೆಯ ಸಲ ಓಡಿಸಿ ನೋಡಿ, ಕೈಬ್ರೇಕಿನ ವಿಷಯವನ್ನು ದಾಖಲೆಯಲ್ಲಿ ಬರೆದುಕೊಟ್ಟರು. ಕಾಲಿನಲ್ಲಿ ಊನವಿರುವ ಇಬ್ಬರು ನೇಕಾರರು ತಮಗೂ ಹಾಗೆ ಮಾಡಿಕೊಡು ಎಂದು ಬಂದಿದ್ದರು. ಅವನು ಕೂರಿಸಿ ಕಾಫಿ ಕೊಟ್ಟು, ಅದನ್ನೇ ಕಸುಬು ಮಾಡಿಕೊಂಡವರ ಬಳಿಗೆ ಹೋಗುವಂತೆ ಹೇಳಿ ಕಳಿಸಿದ. ಬೇರೆಯವರ ಜೀವವನ್ನು ತನ್ನ ಕೈಗೆ ಒಪ್ಪಿಸಲು ಅವನಿಗೆ ಧೈರ್ಯವಿಲ್ಲ.

ಈಗ ಅವನು ವಾರದಲ್ಲಿ ಐದು ದಿನ ಶೆಡ್ಡುಗಳಿಗೆ ಹೋಗಿಬರುತ್ತಾನೆ. ಹೋಗುವುದು ಊರೊಳಗಿನ ಶೆಡ್ಡುಗಳಿಗೆ ಮಾತ್ರ. ಘಾಟಿ ಕಡೆಯವರು ಫೋನು ಮಾಡಿದರೆ ಬೇರೊಬ್ಬನನ್ನು ಕಳಿಸುತ್ತಾನೆ. ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಹಿಂದಿನ ಖಾಲಿ ಬಯಲಿನಲ್ಲಿ ಅವನಿಗೆ ಬೇರೆ ಪಾಠ ನಡೆಯುತ್ತದೆ. ಬಯಲಿನ ತುದಿಯಲ್ಲಿ ದಿವ್ಯ ಒಂದು ಇಟ್ಟಿಗೆ ಇಟ್ಟು ಅದರ ಪಕ್ಕದಲ್ಲೇ ನಿಲ್ಲುತ್ತಾಳೆ. ಅವನು ನಡಿಗೆಯ ವೇಗದಲ್ಲಿ ಬಂದು, ಮುಂದಿನ ಬ್ರೇಕೊಂದನ್ನೇ ಹಿಡಿದು, ಇಟ್ಟಿಗೆಯ ಬಳಿ ನಿಲ್ಲಿಸಬೇಕು. ಮೊದಲ ವಾರಗಳಲ್ಲಿ ಬೆರಳು ಹಿಡಿಕೆಯವರೆಗೂ ಹೋಗಿ ಹಿಂದಕ್ಕೆ ಬರುತ್ತಿತ್ತು. ಗಾಡಿ ಇಟ್ಟಿಗೆಯನ್ನು ದಾಟಿ ಹುಲ್ಲಿನೊಳಗೆ ಹೋಗುತ್ತಿತ್ತು. ಕಳೆದ ಭಾನುವಾರ ಇಟ್ಟಿಗೆಯಿಂದ ಎರಡು ಮಾರು ಈಚೆಗೇ ನಿಲ್ಲಿಸಿದ. ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದವನನ್ನು ನೋಡಿ ದಿವ್ಯ, "ಇನ್ನೊಂದು ಸಲ" ಎಂದಳು. ಅವನು ಗಾಡಿಯನ್ನು ತಿರುಗಿಸಿಕೊಂಡು ಮತ್ತೆ ಬಯಲಿನ ಆ ತುದಿಗೆ ಹೋದ.