ಶೇರುವಿನ ಕಾರ್ಡು

ಕೋವಿಡ್ ಗಲಾಟೆ ಮುಗಿದು ಎರಡನೇ ಬೇಸಿಗೆ. ಪಶುವೈದ್ಯಳಾಗಿ ಮೂವತ್ತೊಂದು ವರ್ಷ ಸರಕಾರಿ ನೌಕರಿ ಮಾಡಿ ನಿವೃತ್ತಳಾಗಿದ್ದೆ. ಮುಂಡಗೋಡ, ಜೋಯಿಡಾ, ಹಳಿಯಾಳ ಎಲ್ಲ ಸುತ್ತಿ ಕೊನೆಗೆ ದಾಂಡೇಲಿಯಲ್ಲಿ ಮನೆ ಮಾಡಿದ್ದೆ. ಮನೆಯಲ್ಲಿ ಸುಮ್ಮನೆ ಕೂಡುವ ಜಾಯಮಾನ ನನ್ನದಲ್ಲ. ಹಳಿಯಾಳ ರಸ್ತೆಯಲ್ಲಿ ಶಾಂತಾರಾಮ ಎಂಬವರು ಅನಾಥ ನಾಯಿಗಳಿಗೊಂದು ಆಶ್ರಯ ನಡೆಸುತ್ತಿದ್ದರು. ಕ್ಯಾಸಲ್‌ರಾಕ್‌ನಲ್ಲಿ ರೈಲ್ವೆ ನೌಕರಿ ಮಾಡಿ ನಿವೃತ್ತರಾದ ಮನುಷ್ಯ. ಬಂದ ಪಿಂಚಣಿಯಲ್ಲಿ ಅರ್ಧ ನಾಯಿಗಳ ಅನ್ನಕ್ಕೇ ಹೋಗುತ್ತಿತ್ತು. ನಾನು ಅಲ್ಲಿ ಸಂಬಳವಿಲ್ಲದ ಡಾಕ್ಟರಾದೆ.

ಆಶ್ರಯದಿಂದ ನಾಯಿ ಒಯ್ಯುವವರು ಸಾವಿರದ ಇನ್ನೂರು ರೂಪಾಯಿ ಕೊಡಬೇಕೆಂಬುದು ಶಾಂತಾರಾಮರ ನಿಯಮ. ಎರಡು ಲಸಿಕೆ, ಜಂತಿನ ಔಷಧಿ, ಸಂತಾನಹರಣ ಶಸ್ತ್ರಚಿಕಿತ್ಸೆಯ ಖರ್ಚಿನಲ್ಲಿ ಒಂದು ಪಾಲು, ಎಲ್ಲ ಅದರಲ್ಲೇ. ಆದರೆ ಜನ ಮೂಗು ಮುರಿಯುತ್ತಿದ್ದರು. "ಓಣ್ಯಾಗ ಅಡ್ಡಾಡೂ ನಾಯಿಗೆ ಸಾವಿರದ ಇನ್ನೂರಾ?" ಎಂದು ನಕ್ಕು ಹೋಗುತ್ತಿದ್ದರು. ಇದ್ದ ಜಾಗದಲ್ಲಿ ಇಪ್ಪತ್ತು ನಾಯಿ ಹಿಡಿಸುವುದೇ ಕಷ್ಟ, ಆಗ ನಲವತ್ತರ ಮೇಲಿದ್ದವು. ಒಂದಕ್ಕೆ ಕೆಮ್ಮು ಬಂದರೆ ಎಲ್ಲಕ್ಕೂ ಬರುತ್ತಿತ್ತು. ಕೊನೆಗೆ ನಾನೇ ಹಟ ಹಿಡಿದು, "ಒಂದು ಭಾನುವಾರ ಶಿಬಿರ ಮಾಡೋಣ, ಪೂರ್ತಿ ಪುಕ್ಕಟೆ ಕೊಟ್ಟುಬಿಡೋಣ," ಎಂದೆ. ಶಾಂತಾರಾಮರಿಗೆ ಅದು ಇಷ್ಟವಿರಲಿಲ್ಲ. "ಪುಕಟ ಕೊಟ್ರ ಯಾರೂ ಏನೂ ಕೇಳೂದಿಲ್ರೀ," ಎಂದರು. ಕೇಳದಿದ್ದರೆ ಒಳ್ಳೆಯದೇ ಆಯಿತಲ್ಲ ಎಂದು ನಾನು ಅವರ ಬಾಯಿ ಮುಚ್ಚಿಸಿದೆ.

ನಮ್ಮಲ್ಲಿ ಪ್ರತಿ ನಾಯಿಗೂ ಒಂದು ಲಸಿಕೆ ಕಾರ್ಡು ಇರುತ್ತದೆ. ಯಾವ ಲಸಿಕೆ, ಯಾವ ದಿನ, ಯಾರು ಕೊಟ್ಟರು ಎಂದು ಬರೆದು ಸಹಿ ಮಾಡಬೇಕು. ನೌಕರಿಯಲ್ಲಿದ್ದಾಗಲೇ ನನಗೊಂದು ಅಭ್ಯಾಸವಿತ್ತು. ಶಿಬಿರದ ಹಿಂದಿನ ದಿನವೇ ಎಲ್ಲ ಕಾರ್ಡು ತುಂಬಿಸಿ, ಸಹಿಯನ್ನೂ ಮಾಡಿ ಇಟ್ಟುಬಿಡುತ್ತಿದ್ದೆ. ಗದ್ದಲದಲ್ಲಿ ಬರೆಯುತ್ತ ಕೂತರೆ ಕೆಲಸ ಸಾಗುವುದಿಲ್ಲ. ಚುರುಕು ಡಾಕ್ಟರಬಾಯಿ ಎಂದು ಹೆಸರು ಬಂದದ್ದೇ ಅದರಿಂದ. ಆ ಹೆಸರಿನ ಮೇಲೆ ನನಗೆ ಸ್ವಲ್ಪ ಜಂಬವೂ ಇತ್ತು.

ಆ ಭಾನುವಾರ ಇಪ್ಪತ್ತೆರಡು ನಾಯಿಗಳಿಗೆ ಇಪ್ಪತ್ತೆರಡು ಕಾರ್ಡು ಸಿದ್ಧವಿದ್ದವು. ರೇಬೀಸ್ ಲಸಿಕೆಯ ಒಂದು ಬಾಟಲಿಯಲ್ಲಿ ಹತ್ತು ನಾಯಿಗಾಗುವಷ್ಟು ಔಷಧಿ. ಮೂರು ಬಾಟಲಿ ತಂದಿದ್ದೇನೆ ಎಂದುಕೊಂಡಿದ್ದೆ. ಐಸ್ ಡಬ್ಬಿ ತೆರೆದರೆ ಎರಡೇ ಇದ್ದವು. ಇಪ್ಪತ್ತು ನಾಯಿಗೆ ಚುಚ್ಚಿದ ಮೇಲೆ ಔಷಧಿ ಮುಗಿಯಿತು. ಉಳಿದ ಎರಡು ನಾಯಿಗಳ ಕಾರ್ಡಿಗೆ ಪೆನ್ಸಿಲ್ ಗುರುತು ಹಾಕಿ, ಮುಂದಿನ ವಾರ ಕರೆಸಿ ಲಸಿಕೆ ಕೊಟ್ಟರಾಯಿತು ಎಂದುಕೊಂಡೆ. ಅಷ್ಟರಲ್ಲಿ ನಾಯಿ ಒಯ್ಯುವ ಜನ ಮುತ್ತಿದರು. ಗುರುತು ಹಾಕುವುದು ಉಳಿದೇಹೋಯಿತು, ಆ ಎರಡು ಯಾವುವೆಂಬುದೂ ಗದ್ದಲದಲ್ಲಿ ಕಲಸಿಹೋಯಿತು.

ಆ ಜನರಲ್ಲಿ ರಫೀಕ್ ಇದ್ದ. ಹಳಿಯಾಳದಲ್ಲಿ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು ಅವನದು, ವಯಸ್ಸು ನಲವತ್ತರ ಸುಮಾರು. ಗ್ಯಾರೇಜಿನ ಅಂಗಳದಿಂದ ಎರಡು ಸಲ ಬ್ಯಾಟರಿ ಕಳುವಾಗಿದ್ದವು, ಅದಕ್ಕೇ ನಾಯಿ ಬೇಕಾಗಿತ್ತು. ಕಪ್ಪು ಮೈಯ, ಒಂದು ಕಿವಿ ಮಡಚಿದ ಶೇರು ಎಂಬ ನಾಯಿಯನ್ನು ಆರಿಸಿಕೊಂಡ. ಸರದಿಯ ಕೊನೆಯಲ್ಲಿದ್ದ ನಾಲ್ಕೈದು ನಾಯಿಗಳಲ್ಲಿ ಅದೂ ಒಂದು.

"ಪುಕಟ ಬ್ಯಾಡ್ರೀ ಬಾಯಾರ," ಎಂದ. "ರೊಕ್ಕ ಎಷ್ಟಾಗ್ತೈತಿ ಹೇಳ್ರಿ, ಕೊಡ್ತೇನಿ. ಸೂಜಿ ನನ್ನ ಮುಂದ ಹಾಕ್ರಿ. ನಾನೂ ಗಿರಾಕಿಗೆ ಹಂಗ ಮಾಡ್ತೇನಿ. ಹೊಸ ಸಾಮಾನು ಹಾಕಿದ್ರ ತಗದ ಹಳೇ ಸಾಮಾನು ಅವರ ಕೈಯಾಗ ಕೊಡ್ತೇನಿ."

ನನಗೆ ರೇಗಿತು. ಮೂವತ್ತೊಂದು ವರ್ಷ ಸೂಜಿ ಹಿಡಿದವಳಿಗೆ ಇವನು ಟ್ರ್ಯಾಕ್ಟರ್ ಪಾಠ ಹೇಳುತ್ತಾನಲ್ಲ ಎನಿಸಿತು. "ಕಾರ್ಡಿನಲ್ಲಿ ಬರೆದಿದೆ, ನೋಡಿಕೊಳ್ಳಿ," ಎಂದು ಕಾರ್ಡು ಅವನ ಕೈಗಿಟ್ಟೆ. ಅವನು ಓದಿದ, ಸಹಿ ನೋಡಿದ, ಮಡಚಿ ಜೇಬಿಗಿಟ್ಟುಕೊಂಡ. ಶೇರುವಿನ ಸರಪಳಿ ಹಿಡಿದು ಹೊರಟ.

ಮುಂದಿನ ವಾರ ಮಗಳ ಮನೆಗೆ ಹೋದೆ. ಬಂದ ಮೇಲೆ ಬೇರೆ ಕೆಲಸ. ಆ ಎರಡು ನಾಯಿಗಳ ವಿಷಯ ನೆನಪಾದಾಗಲೆಲ್ಲ ನಾಳೆ ಎಲ್ಲ ಮನೆಗೂ ಫೋನ್ ಮಾಡಿ ಕರೆಸೋಣ ಎಂದುಕೊಳ್ಳುತ್ತಿದ್ದೆ. ಹಾಗೆ ಆರು ವಾರ ಕಳೆದವು.

ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ರಫೀಕ್‌ನ ಫೋನ್ ಬಂತು. "ಬಾಯಾರ, ಶೇರು ನಿನ್ನೆ ಸಂಜಿಯಿಂದ ಬಾಯಿ ಮುಚ್ಚವಲ್ದು. ಜೊಲ್ಲು ಸುರಸ್ತೈತಿ, ಏನೂ ತಿನ್ನವಲ್ದು. ಗಂಟಲಾಗ ಏನರ ಸಿಕ್ಕೈತೇನೋ ಅಂತ ಅಮ್ಮಿ ಬಾಯಾಗ ಕೈ ಹಾಕಿದ್ಳು, ಹಲ್ಲು ತಾಗಿ ರಕ್ತ ಬಂತು."

ಗಾಯಕ್ಕೆ ಸೋಪು ಹಚ್ಚಿ, ನಲ್ಲಿಯ ಕೆಳಗೆ ಹದಿನೈದು ನಿಮಿಷ ತೊಳೆದು, ತಕ್ಷಣ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಹೇಳಿ, ಚೀಲ ಹೆಗಲಿಗೇರಿಸಿ ಶಾಂತಾರಾಮರ ಜೀಪು ಹತ್ತಿದೆ.

ಹುಚ್ಚು ಹಿಡಿದ ನಾಯಿ ಎಂದರೆ ಕಂಡಕಂಡವರನ್ನು ಅಟ್ಟಿಸಿಕೊಂಡು ಕಚ್ಚುತ್ತದೆ ಎಂದೇ ಜನ ತಿಳಿದಿರುತ್ತಾರೆ. ರೇಬೀಸ್‌ನಲ್ಲಿ ಇನ್ನೊಂದು ಬಗೆಯಿದೆ, ಅದನ್ನು ನಾವು ಮೂಕ ರೇಬೀಸ್ ಎನ್ನುತ್ತೇವೆ. ನಾಯಿ ಯಾರ ಮೈಮೇಲೂ ಬರುವುದಿಲ್ಲ. ಕೆಳದವಡೆ ಜೋತುಬೀಳುತ್ತದೆ, ಬಾಯಿ ಮುಚ್ಚಲಾಗುವುದಿಲ್ಲ, ಜೊಲ್ಲು ಸುರಿಯುತ್ತದೆ. ನೋಡಿದವರಿಗೆ ಪಾಪ, ಗಂಟಲಲ್ಲಿ ಎಲುಬು ಸಿಕ್ಕಿದೆ ಎನಿಸುತ್ತದೆ. ಕನಿಕರಪಟ್ಟು ಕೈ ಹಾಕುತ್ತಾರೆ. ಮನುಷ್ಯನಿಗೆ ರೋಗ ಕಾಣಿಸಿಕೊಂಡ ಮೇಲೆ ಡಾಕ್ಟರರು ಮಾಡುವುದು ಏನೂ ಉಳಿಯುವುದಿಲ್ಲ. ಕಚ್ಚಿದ ಕೂಡಲೇ ತೊಳೆದು ಲಸಿಕೆ ಹಾಕಿಸಿಕೊಂಡರೆ ಮಾತ್ರ ಜೀವ ಉಳಿಯುತ್ತದೆ. ದಾರಿಯುದ್ದಕ್ಕೂ ಆ ಎರಡು ಕಾರ್ಡುಗಳೇ ನನ್ನ ಕಣ್ಣ ಮುಂದೆ ಇದ್ದವು.

ಗ್ಯಾರೇಜಿನ ಹಿಂದೆಯೇ ಅವರ ಮನೆ. ಶೇರುವನ್ನು ಗೇಟಿನ ಒಳಗೆ ಸರಪಳಿ ಹಾಕಿ ಕಟ್ಟಿದ್ದರು, ಬಾಯಿ ತೆರೆದೇ ಇತ್ತು. ಹೋಗಿ ನೋಡಿದರೆ ರಫೀಕ್‌ನ ತಾಯಿ ಖೈರುನ್ಬಿ ಕೈಗೆ ಅರಿಶಿಣ ಮೆತ್ತಿಕೊಂಡು ಕಟ್ಟೆಯ ಮೇಲೆ ಆರಾಮಾಗಿ ಕೂತಿದ್ದಳು. ಅರವತ್ತೈದು ದಾಟಿದ ಗಟ್ಟಿ ಹೆಂಗಸು. ಆಸ್ಪತ್ರೆಗೆ ಹೋಗಿರಲಿಲ್ಲ. ಯಾಕೆ ಹೋಗಲಿಲ್ಲ ಎಂದು ನಾನು ಗದರಿದರೆ, ರಫೀಕ್ ಒಳಗಿನಿಂದ ಆ ಕಾರ್ಡು ತಂದು ಹಿಡಿದ. ಪ್ಲಾಸ್ಟಿಕ್ ಹಾಳೆಯಲ್ಲಿ ಜೋಪಾನ ಮಾಡಿಟ್ಟಿದ್ದ.

"ನಾನು ಹೇಳ್ದೆ ಬಾಯಾರ, ಆಕಿ ಕೇಳವಲ್ಲಳು. ಕಾರ್ಡ್ ಐತೆಲ್ಲ, ನಾಯಿಗೆ ಸೂಜಿ ಆಗೇತೆಲ್ಲ, ಮತ್ತ ನನಗ್ಯಾಕ ಅಂತಾಳ."

ಕಾರ್ಡಿನ ಮೇಲೆ ನನ್ನದೇ ದುಂಡು ಅಕ್ಷರ, ನನ್ನದೇ ಸಹಿ. ನಾಯಿಗೆ ಲಸಿಕೆ ಆಗಿದ್ದರೂ ಕಚ್ಚಿಸಿಕೊಂಡವರು ಆಸ್ಪತ್ರೆಗೆ ಹೋಗಲೇಬೇಕು ಎಂದು ವಾದಿಸಿದೆ. ಖೈರುನ್ಬಿ ತಲೆಯಾಡಿಸಿದಳು. "ನೀವ ಬರದೀರಿ, ನೀವ ನಂಬೂದಿಲ್ಲಂದ್ರ ಹೆಂಗ?" ಎಂದಳು. ಆಮೇಲೆ ನನ್ನ ಮುಖವನ್ನೇ ದಿಟ್ಟಿಸಿ ಕೇಳಿದಳು: "ಸೂಜಿ ಹಾಕೀರೋ ಇಲ್ಲೋ? ಅಷ್ಟ ಹೇಳ್ರಿ."

ಸುಳ್ಳು ಹೇಳಿಯೇ ಬಿಡೋಣವೇ ಎಂದು ಒಂದು ಕ್ಷಣ ಅನಿಸಿದ್ದು ನಿಜ. ಹಾಕಿದ್ದೇನೆ, ಆದರೂ ಹೋಗು ಎನ್ನಬಹುದಿತ್ತು, ಅವಳು ಹೋಗುತ್ತಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಗಿರಾಕಿಯ ಮುಂದೆ ಎಂದೂ ಆಡದ ಮಾತನ್ನು ಆ ಗ್ರೀಸು ಬಳಿದ ಅಂಗಳದಲ್ಲಿ ನಿಂತು ಆಡಿದೆ.

"ನನಗೆ ಗೊತ್ತಿಲ್ಲ, ಅಮ್ಮಾ. ಕಾರ್ಡು ಮೊದಲೇ ಬರೆದಿಟ್ಟಿದ್ದೆ. ಎರಡು ನಾಯಿಗೆ ಔಷಧಿ ಸಾಲಲಿಲ್ಲ. ಇದು ಆ ಎರಡರಲ್ಲಿ ಒಂದಾಗಿರಬಹುದು."

ರಫೀಕ್ ಕಾರ್ಡನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿದ. ಬೈದಿದ್ದರೆ ವಾಸಿಯಿತ್ತು, ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಖೈರುನ್ಬಿ ಎದ್ದು ಚಪ್ಪಲಿ ಮೆಟ್ಟಿಕೊಂಡಳು. "ಚಲ್ ರೇ ರಫೀಕ್, ದವಾಖಾನೆ ಕು," ಎಂದಳು. ಹೊಸ್ತಿಲಲ್ಲಿ ನಿಂತು ನನಗೆ ಹೇಳಿದಳು, "ಈಗರ ಖರೇ ಹೇಳಿದ್ರೆಲ್ಲ."

ಆಸ್ಪತ್ರೆಯಲ್ಲಿ ಗಾಯ ಮತ್ತೆ ತೊಳೆದು, ಗಾಯದ ಸುತ್ತ ಸೀರಮ್ ಚುಚ್ಚಿ, ಮೊದಲ ಲಸಿಕೆ ಕೊಟ್ಟರು. ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಮತ್ತೆ ಬರಲು ಹೇಳಿದರು. ನಾನು ಶೇರುವನ್ನು ಕಾಯುತ್ತ ಅಂಗಳದಲ್ಲೇ ಉಳಿದಿದ್ದೆ. ಅವರು ತಿರುಗಿ ಬರುವಷ್ಟರಲ್ಲಿ ಅಕ್ಕಪಕ್ಕದವರು ಗೇಟಿನ ಹೊರಗೆ ನೆರೆದಿದ್ದರು. ಒಬ್ಬ ಬಡಿಗೆ ಹಿಡಿದೇ ಬಂದಿದ್ದ. "ಇನ್ನ ಏನ್ ನೋಡ್ತೀರಿ, ಹೊಡದು ಹೂಳ್ರಿ. ಓಣ್ಯಾಗ ಹುಡುಗೂರು ಅಡ್ಡಾಡ್ತಾವ," ಎಂದ. ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೆ ಮೂಕ ರೇಬೀಸ್ ಎಲುಬು ಸಿಕ್ಕಿದಂತೆ ಕಾಣುವ ಹಾಗೆಯೇ, ನಿಜಕ್ಕೂ ಎಲುಬು ಸಿಕ್ಕ ನಾಯಿ ರೇಬೀಸ್ ಬಂದಂತೆ ಕಾಣುತ್ತದೆ. ನೋಡದೆ ಕೊಲ್ಲುವುದಕ್ಕೆ ನನಗೆ ಮನಸ್ಸಾಗಲಿಲ್ಲ. ನೋಡದೆ ಬರೆದದ್ದೇ ಸಾಕಾಗಿತ್ತು.

ಶೇರುವಿನ ಸರಪಳಿಯನ್ನು ರಫೀಕ್ ಗೇಟಿನ ಸರಳುಗಳ ಸಂದಿಯಿಂದ ಹೊರಗೆಳೆದು ಬಿಗಿಹಿಡಿದ. ನಾಯಿಯ ಮೈ ಸರಳಿಗೆ ಒತ್ತಿಕೊಂಡಾಗ ನಾನೂ ಹೊರಗಿನಿಂದಲೇ ತೊಡೆಗೆ ಮಂಪರಿನ ಸೂಜಿ ಚುಚ್ಚಿದೆ. ಹತ್ತು ನಿಮಿಷಕ್ಕೆ ಅದು ಮಲಗಿತು. ನಾವು ಪಶುವೈದ್ಯರು ರೇಬೀಸ್ ಲಸಿಕೆಯನ್ನು ಮೊದಲೇ ಹಾಕಿಸಿಕೊಂಡಿರುತ್ತೇವೆ. ಆದರೂ ಎರಡು ಜೊತೆ ಕೈಗವಸು, ಕನ್ನಡಕ, ಮಾಸ್ಕ್ ಎಲ್ಲ ತೊಟ್ಟೆ. ಬಾಯಿ ಅಗಲಿಸಿ ಹಿಡಿಯುವ ಕಬ್ಬಿಣದ ಉಪಕರಣ ಸಿಕ್ಕಿಸಿದೆ. ಟ್ರ್ಯಾಕ್ಟರ್ ಎಂಜಿನ್ ನೋಡುವ ಬ್ಯಾಟರಿ ದೀಪವನ್ನು ರಫೀಕ್ ದೂರದಿಂದಲೇ ಹಿಡಿದ. ನಾಲಿಗೆ, ಗಂಟಲು ಎರಡೂ ಕಡೆ ಏನೂ ಇರಲಿಲ್ಲ.

"ಮ್ಯಾಲೆ ನೋಡ್ರಿ, ಮ್ಯಾಲೆ. ಏನೋ ಬೆಳ್ಳಗೈತಿ," ಎಂದ ರಫೀಕ್.

ತಲೆ ಬಗ್ಗಿಸಿ ನೋಡಿದೆ. ಎಡ ದವಡೆ ಹಲ್ಲಿನಿಂದ ಬಲ ದವಡೆ ಹಲ್ಲಿನವರೆಗೆ, ಅಂಗುಳಿಗೆ ಅಡ್ಡವಾಗಿ, ಬೆರಳುದ್ದದ ಚಪ್ಪಟೆ ಎಲುಬೊಂದು ಅಗುಳಿ ಹಾಕಿದಂತೆ ಬಿಗಿದುಕೊಂಡಿತ್ತು. ಸುತ್ತಲಿನ ಮಾಂಸ ಊದಿ ಅದನ್ನು ಅರ್ಧ ಮುಚ್ಚಿತ್ತು. ಚಿಮಟದಿಂದ ಹಿಡಿದು ಹಿಂದಕ್ಕೆ ತಿರುವಿದೆ. ಟಕ್ಕೆಂದು ಬಿಟ್ಟುಕೊಂಡು ಕೈಗೆ ಬಂತು. ಉಪಕರಣ ತೆಗೆದ ಮೇಲೆ ಶೇರುವಿನ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಅಲ್ಲಿದ್ದ ಟೈರಿನ ಮೇಲೆ ಕೂತು, ಕನ್ನಡಕ ತೆಗೆದು, ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡೆ. ಆಮೇಲೆ ಎಲುಬನ್ನು ತೊಳೆದು ರಫೀಕ್‌ನ ಕೈಗೆ ಕೊಟ್ಟು, "ತಗೋ, ಹಳೇ ಸಾಮಾನು," ಎಂದೆ. ಅವತ್ತು ಮೊದಲ ಸಲ ಅವನು ನಕ್ಕ. ಬಡಿಗೆ ತಂದವನೂ ಗೇಟಿನ ಸಂದಿಯಲ್ಲಿ ಮುಖ ತೂರಿಸಿ ಎಲುಬು ನೋಡಿ ಹೋದ.

ನಗದವಳೆಂದರೆ ಖೈರುನ್ಬಿ ಒಬ್ಬಳೇ. ನಾಯಿ ಹೊಸ್ತಿಲು ದಾಟಕೂಡದು, ಮನೆಯ ಪಾತ್ರೆ ಮುಟ್ಟಕೂಡದು, ಮನೆಯ ಊಟ ಹಾಕಕೂಡದು ಎಂದು ಮಗನಿಗೆ ಕಟ್ಟುನಿಟ್ಟು ಮಾಡಿದವಳು ಅವಳೇ. ಎಲುಬನ್ನು ಹೊರಳಿಸಿ ಹೊರಳಿಸಿ ನೋಡಿದಳು. "ಮೊನ್ನಿ ಸಾರಿಂದ," ಎಂದು ಮೆಲ್ಲಗೆ ಒಪ್ಪಿಕೊಂಡಳು. "ಬಾಗಲಾಗ ಕುಂತು ನೋಡ್ತಿತ್ರೀ. ಒಂದ ಒಗದೆ." ರಫೀಕ್ ತಾಯಿಯನ್ನು ಕಣ್ಣರಳಿಸಿ ನೋಡಿದ. ಒಂದೇ ಅಲ್ಲ, ದಿನಾ ಮಧ್ಯಾಹ್ನ ಒಂದೊಂದು ಹೋಗುತ್ತಿತ್ತು ಎಂಬುದು ಆಮೇಲೆ ತಿಳಿಯಿತು.

ಎಲುಬು ಸಿಕ್ಕಿತೆಂದು ನಾನು ನಿಯಮ ಬಿಡಲಿಲ್ಲ. ಎಲುಬು ಸಿಕ್ಕ ನಾಯಿಗೆ ರೇಬೀಸ್ ಇರಬಾರದೆಂದೇನಿಲ್ಲ. ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿ ನೋಡಬೇಕು. ಹತ್ತು ದಿನ ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗವಿರಲಿಲ್ಲ ಎಂದರ್ಥ. ಹತ್ತೂ ದಿನ ಅರ್ಧ ತಾಸಿನ ದಾರಿ ಹೋಗಿ ಬಂದೆ. ಖೈರುನ್ಬಿಯ ಮೂರನೇ ಮತ್ತು ಏಳನೇ ದಿನದ ಲಸಿಕೆಗೆ ನಾನೇ ಜೊತೆಗೆ ಹೋದೆ. ಅದೇ ದಿನಗಳಲ್ಲಿ ಉಳಿದ ಇಪ್ಪತ್ತೊಂದು ಮನೆಗಳಿಗೂ ಫೋನ್ ಮಾಡಿ, ನನ್ನ ತಪ್ಪು ಹೇಳಿ, ನಾಯಿಗಳನ್ನು ಕರೆಸಿ ಮತ್ತೆ ಲಸಿಕೆ ಕೊಟ್ಟೆ. ಇಪ್ಪತ್ತು ಬಂದವು. ಇನ್ನೊಂದು ಕ್ಯಾಸಲ್‌ರಾಕ್ ಸೇರಿತ್ತು. ಐಸ್ ಡಬ್ಬಿ ಮಡಿಲಲ್ಲಿಟ್ಟುಕೊಂಡು ಹೋಗಿ ಅದಕ್ಕೂ ಚುಚ್ಚಿ ಬಂದೆ. ಬೈದವರಿದ್ದರು, ಚಹಾ ಕೊಟ್ಟವರೂ ಇದ್ದರು.

ಹತ್ತು ದಿನ ತುಂಬಿದ ಬೆಳಿಗ್ಗೆ ಶೇರು ಬಾಲ ಬಡಿಯುತ್ತ ನನ್ನ ಚೀಲ ಮೂಸಿತು. ಕಾರ್ಡು ತೆಗೆದು, ಹಳೆಯ ಸಾಲಿನ ಮೇಲೆ ಗೆರೆ ಹೊಡೆದು, ಪೆನ್ನನ್ನು ಪಕ್ಕಕ್ಕಿಟ್ಟೆ. ಆಗ ಖೈರುನ್ಬಿ ಸೆರಗಿನ ಗಂಟು ಬಿಚ್ಚಿ ಹಣ ಹಿಡಿದಳು. ಸಾವಿರದ ಇನ್ನೂರಿತ್ತು.

ನಾನು ಕೈ ಹಿಂದಕ್ಕೆಳೆದುಕೊಂಡೆ. ನನ್ನಿಂದಲೇ ಇಷ್ಟೆಲ್ಲ ಆಯಿತು, ಇದನ್ನು ಹೇಗೆ ತೆಗೆದುಕೊಳ್ಳಲಿ ಎಂದೆ.

"ತಗೋರಿ," ಎಂದಳು ಖೈರುನ್ಬಿ. "ಅವತ್ತ ಪುಕಟ ಕೊಟ್ರಿ, ಅದಕ್ಕ ನನ್ನ ಮಗಗ ಎರಡನೇ ಸಲ ಕೇಳಾಕ ಬಾಯಿ ಬರಲಿಲ್ಲ. ಈಗ ರೊಕ್ಕ ಕೊಟ್ಟೇನಿ, ಕೇಳ್ತೇನಿ. ಹಾಕೂದು ತೋರಸ್ರಿ."

ಹಣ ತೆಗೆದುಕೊಂಡೆ. ಬಾಟಲಿ ತೋರಿಸಿದೆ, ಅದರ ಮೇಲಿನ ದಿನಾಂಕವನ್ನು ರಫೀಕ್ ಓದಿದ. ಅವಳ ಕಣ್ಣೆದುರೇ ಔಷಧಿ ಎಳೆದು ಶೇರುವಿಗೆ ಚುಚ್ಚಿದೆ. ಖೈರುನ್ಬಿ ಬಗ್ಗಿ, ಸೂಜಿ ಹೊರಬರುವವರೆಗೂ ನೋಡಿ, "ಹಾಂ, ಈಗ ಬರೀರಿ," ಎಂದಳು. ಬರೆದೆ.

ಹೀಗೆ ನಾಯಿಗೆ ಹಣ ಯಾಕೆ ಎಂದು ಜನ ಇವತ್ತಿಗೂ ಕೇಳುತ್ತಾರೆ. ಅದು ನಾಯಿಯ ಬೆಲೆಯಲ್ಲ, ನಮ್ಮನ್ನು ಪ್ರಶ್ನೆ ಕೇಳುವುದಕ್ಕೆ ನಿಮಗಿರುವ ಹಕ್ಕು ಎಂದು ಹೇಳುತ್ತೇನೆ. ಕೊಡಲಾಗದವರು ನೂರು ಕೊಡುತ್ತಾರೆ, ಐವತ್ತು ಕೊಡುತ್ತಾರೆ. ಪುಕ್ಕಟೆ ಮಾತ್ರ ಕೊಡುವುದಿಲ್ಲ. ಶಾಂತಾರಾಮರು ನಾನು ಹೇಳಿದ್ದೆನಲ್ಲ ಎಂದು ಒಮ್ಮೆಯೂ ಹಂಗಿಸಲಿಲ್ಲ. ಆದರೆ ಶಿಬಿರದ ದಿನ ಬೆಳಿಗ್ಗೆ ನನ್ನ ಪೆನ್ನು ಇಸಿದುಕೊಂಡು ತಮ್ಮ ಜೇಬಿಗೆ ಸಿಕ್ಕಿಸಿಕೊಳ್ಳುತ್ತಾರೆ. ನಾಯಿ ಒಯ್ಯುವವರು ನೋಡಿದೆವು ಎಂದ ಮೇಲೆಯೇ ನನಗದು ತಿರುಗಿ ಸಿಗುವುದು.