ಹಿತ್ತಿಲಿಗೆ ಹಾಸಿದ ಹಲಗೆ

ಲಕ್ವ ಹೊಡೆದ ಮೇಲೆ ನನ್ನ ಗಂಡನ ಬಾಯಲ್ಲಿ ಉಳಿದದ್ದು ಒಂದೇ ಮಾತು, ‘ಆಯ್ತು’. ಕಾಫಿ ಬೇಕಾ ಅಂದರೆ ಆಯ್ತು, ಬೇಡವಾ ಅಂದರೂ ಆಯ್ತು. ನಲವತ್ತು ವರ್ಷ ನನ್ನ ಒಂದು ಮಾತಿಗೂ ಹೂಂ ಅನ್ನದ ಮನುಷ್ಯ. ಮೊದಮೊದಲು ನಗು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನಾಗರಬಾವಿಯ ನಮ್ಮ ಮನೆಯ ಹಿತ್ತಿಲು ರಾಜಕಾಲುವೆಯ ಕಡೆಗೆ ಇಳಿಜಾರು. ರಿಟೈರಾದ ಮೇಲೆ ಇವರು ಆ ಇಳಿಜಾರಿಗೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಕಟ್ಟಿ ಸೊಪ್ಪಿನ ಮಡಿ ಮಾಡಿದ್ದರು. ದಂಟು, ಬಸಳೆ, ಸಬ್ಬಸಿಗೆ. ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ. “ನಿನ್ನ ಕಾಲಿಗೆ ಕಣ್ಣಿಲ್ಲ ಕಣೇ, ಅಲ್ಲೇ ನಿಂತ್ಕೋ” ಅನ್ನುತ್ತಿದ್ದರು. ಈಗ ಗಾಲಿಕುರ್ಚಿ ಹಿಂಬಾಗಿಲ ತನಕ ಬಂದು ನಿಲ್ಲುತ್ತಿತ್ತು. ನಾನು ಮೇಲಿಂದಲೇ ಪೈಪು ಹಿಡಿದು ನೀರು ಬಿಡುವಾಗ ಇವರು ಕತ್ತು ಚಾಚಿ ನೋಡುತ್ತಿದ್ದರು. ಹೇಗಾದರೂ ಮಾಡಿ ಇವರನ್ನು ಹಿತ್ತಿಲಿಗೆ ಕರೆದೊಯ್ಯಬೇಕು ಅನ್ನುವುದೊಂದೇ ತಲೆಯಲ್ಲಿ ಕೂತಿತು.

ಗೋವಿಂದರಾಜನಗರದಿಂದ ಒಬ್ಬ ಬಡಗಿ ಬಂದು ನೋಡಿದ. “ಕಂಬ ನಿಲ್ಸಿ, ಬಾಗಿಲ ಮಟ್ಟಕ್ಕೆ ಹಲಗೆ ಹಾಸ್ಬಿಡೋಣ ಅಮ್ಮ. ಡೆಕ್ ಅಂತಾರೆ. ಕುರ್ಚಿ ಸೀದಾ ಹೋಗುತ್ತೆ.”

“ಕೆಳಗಿನ ಗಿಡ?”

“ಅವು ಉಳಿಯಲ್ಲ. ಕುಂಡ ಇಟ್ಕೊಳ್ಳಿ, ಎಲ್ಲ ಕೈಗೇ ಸಿಗುತ್ತೆ.”

ನಾನು ಇವರನ್ನೇ ಕೇಳಿದೆ. ಒಂದು ಸಲವಲ್ಲ, ಮೂರು ಸಲ. “ರೀ, ಮಡಿ ಹೋಗುತ್ತೆ, ಪರವಾಗಿಲ್ವಾ?” ಆಯ್ತು ಅಂದರು. ಆ ಮಾತನ್ನು ನಂಬುವ ಹಾಗಿಲ್ಲ ಅಂತ ದಿನಾ ಗೊತ್ತಿದ್ದ ನನಗೆ, ಅವತ್ತು ಮಾತ್ರ ಅದು ಒಪ್ಪಿಗೆ ಅನ್ನಿಸಿತು. ನನಗೆ ಬೇಕಾಗಿದ್ದದ್ದು ಅದೇ ತಾನೇ.

ಒಂಬತ್ತು ದಿನ ಕೆಲಸ ನಡೆಯಿತು. ಡ್ರಿಲ್ಲಿನ ಸದ್ದು ಕೇಳದಿರಲಿ ಅಂತ ಇವರನ್ನು ಮುಂದಿನ ರೂಮಿನಲ್ಲಿ ಮಲಗಿಸಿದ್ದೆ. ಕಂಬದ ಗುಂಡಿಗಳಿಗೆ ಕಾಂಕ್ರೀಟು ಬಿತ್ತು, ಮಡಿಯ ಕಲ್ಲುಗಳು ಮೂಲೆ ಸೇರಿದವು, ಮತ್ತಿ ಮರದ ಹಲಗೆ ಹಾಸಿದ್ದೂ ಮುಗಿಯಿತು. ಮಾರನೆಯ ದಿನ ಇವರಿಗೆ ಗಡ್ಡ ತೆಗೆದು, ಇಸ್ತ್ರಿ ಮಾಡಿದ ಶರ್ಟು ಹಾಕಿ, ತಳ್ಳಿಕೊಂಡು ಹೊರಟೆ. ಕುರ್ಚಿ ಒಂದು ಚೂರೂ ಕುಲುಕಲಿಲ್ಲ. ನನಗೋ ಎಲ್ಲಿಲ್ಲದ ಜಂಬ.

ಇವರು ಆ ಕಡೆ ನೋಡಿದರು, ಈ ಕಡೆ ನೋಡಿದರು. ನಾನು ಸಾಲಾಗಿ ಇಟ್ಟಿದ್ದ ಕುಂಡಗಳ ಮೇಲೆ ಕಣ್ಣೇ ನಿಲ್ಲಲಿಲ್ಲ. ಆಮೇಲೆ ಕುರ್ಚಿಯಿಂದ ಜಾರುವಷ್ಟು ಬಗ್ಗಿ, ಸ್ವಾಧೀನವಿದ್ದ ಎಡಗೈಯ ಬೆರಳನ್ನು ಎರಡು ಹಲಗೆಗಳ ಸಂದಿಗೆ ತೂರಿಸಿ ಕೆಳಗೆ ತಡಕಾಡಿದರು.

“ಏನ್ರೀ, ಏನ್ ಬೇಕು?”

“ಆಯ್ತು” ಅಂದರು. ಮತ್ತೆ, “ಆಯ್ತು, ಆಯ್ತು.” ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಮುಗಿದುಹೋಯಿತು ಅನ್ನುವುದಕ್ಕೂ ನಾವು ಆಡುವುದು ಇದೇ ಮಾತು ಅಂತ ನನಗೆ ಹೊಳೆದದ್ದು ಆಗ.

ಎಲ್ಲ ಕಿತ್ತು ಹಾಕು ಅಂತ ಬಡಗಿಗೆ ಫೋನ್ ಮಾಡಿದೆ. “ಕಿತ್ತರೂ ಏನ್ ಬೆಳೆಯುತ್ತಮ್ಮ, ಮಣ್ಣಿಗೆಲ್ಲ ಸಿಮೆಂಟು ಸೇರ್ಕೊಂಡಿದೆ” ಅಂದ. ಪಾಪ, ಅವನದೇನು ತಪ್ಪು. ಮಾಡಿಸಿದವಳು ನಾನು.

ಈಗಲೂ ಬೆಳಿಗ್ಗೆ ಬಿಸಿಲಿಗೆ ಕೂರಿಸೋಣ ಅಂತ ಕುರ್ಚಿಯನ್ನು ಹಿಂಬಾಗಿಲ ಕಡೆ ತಿರುಗಿಸುತ್ತೇನೆ. ಇವರು ಆ ಒಂದು ಕೈಯಲ್ಲೇ ಚಕ್ರವನ್ನು ಬಿಗಿಯಾಗಿ ಹಿಡಿದುಕೊಂಡುಬಿಡುತ್ತಾರೆ.