ಇಸಾಂದ್ರೋನ ತಲೆಗೆ ಸಂಘದ ಪೇಟಾ

ಊರಿನಿಂದ ಆಕ್ಲೆಂಡಿಗೆ ಬಂದು, ವಾಮನ ಸವದತ್ತಿಯವರ ಕೈಯಿಂದ ಸನ್ಮಾನ ಮಾಡಿಸಿಕೊಳ್ಳದೆ ವಾಪಸ್ ವಿಮಾನ ಹತ್ತಿದ ಕನ್ನಡಿಗರು ಕಡಿಮೆ. ಧಾರಾವಾಹಿಯಲ್ಲಿ ಒಮ್ಮೆ ಪೊಲೀಸನಾಗಿ ಬಾಗಿಲು ತಟ್ಟಿದವರಿಗೆ ಆಗಿದೆ. ಮಾಜಿ ಶಾಸಕರೊಬ್ಬರ ಷಡ್ಡಕನಿಗೆ ಆಗಿದೆ. ಮಗಳ ಬಾಣಂತನಕ್ಕೆ ಬಂದಿದ್ದ ಒಬ್ಬ ತಾಯಿಗೆ, ಆಕೆ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದರೂ, 'ಸಾಗರದಾಚೆಯ ಮಾತೃಶ್ರೀ' ಎಂಬ ಬಿರುದು ಕೊಟ್ಟು ಶಾಲು ಹೊದಿಸಲಾಗಿದೆ.

ವಾಮನರಾಯರು ಗದಗಿನವರು. ಆಕ್ಲೆಂಡಿನ ಮಾಂಗೆರೆಯಲ್ಲಿ, ವಿಮಾನ ನಿಲ್ದಾಣದ ಬಗಲಿಗಿರುವ ಸರಕು ಶೆಡ್ಡಿನಲ್ಲಿ ಮೇಲ್ವಿಚಾರಕ. ವಾರವಿಡೀ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಫೋರ್ಕ್‌ಲಿಫ್ಟ್‌ಗಳ ನಡುವೆ ಓಡಾಡುವ ಅವರನ್ನು ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಇಲ್ಲಿನ ಕನ್ನಡ ಸಂಘದ ಕಾರ್ಯಕ್ರಮದ ದಿನ ಬಾಡಿಗೆಯ ಸಭಾಂಗಣದಲ್ಲಿ ಮೈಕ್ ಹಿಡಿದು "ಈಗ ಸನ್ಮಾನ" ಎಂದರೆ ಮುಗಿಯಿತು, ಏಳಲು ಹೊರಟವರೂ ಕೂರಬೇಕು. ಅಡುಗೆಯವರು ಪಾತ್ರೆಗಳ ಮುಚ್ಚಳ ಮುಚ್ಚಬೇಕು. ಇನ್ನೊಬ್ಬರನ್ನು ಹೊಗಳುವ ನೆಪದಲ್ಲಿ ಮನುಷ್ಯ ಎಷ್ಟು ಹೊತ್ತು ತಾನೇ ವೇದಿಕೆಯ ಮೇಲಿರಬಹುದು ಎಂಬುದನ್ನು ನಾವೆಲ್ಲ ಅವರಿಂದಲೇ ಕಲಿತೆವು.

ಸಂಘದಲ್ಲಿ ಇದ್ದದ್ದು ಒಂದೇ ಪೇಟಾ. ಮೈಸೂರಿನಿಂದ ತರಿಸಿದ್ದು, ಒಳ್ಳೆಯ ಜರಿಯದ್ದು. ವಾಮನರಾಯರ ಗ್ಯಾರೇಜಿನಲ್ಲಿ, ರೈಸ್ ಕುಕ್ಕರಿನ ಖಾಲಿ ಡಬ್ಬಿಯೊಳಗೆ, ನುಸಿಗುಳಿಗೆಗಳ ಜೊತೆ ವಾಸ. ಅತಿಥಿಯ ತಲೆಗೆ ಅದನ್ನು ಇಟ್ಟು ಫೋಟೋ ತೆಗೆಸಿಯಾದ ಕೂಡಲೇ ರಾಯರು ಅವರ ಕಿವಿಯ ಬಳಿ ಬಾಗಿ, "ಪೇಟಾ ಸಂಘದ್ದರೀ, ವಾಪಸ್ ಕೊಡ್ರಿ" ಎಂದು ಪಿಸುಗುಡುತ್ತಿದ್ದರು. ಚಪ್ಪಾಳೆಯ ಗದ್ದಲದಲ್ಲಿ ಹಲವರಿಗೆ ಅದು ಹಾರೈಕೆಯಂತೆ ಕೇಳಿಸಿ, ಅವರು ಎದೆಗೆ ಕೈ ಒತ್ತಿ ತಲೆ ಬಾಗಿಸುತ್ತಿದ್ದರು. ಬಾಗಿದ ತಲೆಯಿಂದ ಪೇಟಾ ಎತ್ತಿಕೊಳ್ಳುವುದು ಸುಲಭವಾಗುತ್ತಿತ್ತು.

ಈ ವರ್ಷ ಸಂಘಕ್ಕೆ ಹೊಸ ಕಾರ್ಯದರ್ಶಿ ಬಂದಳು. ತನುಶ್ರೀ, ಮೈಸೂರಿನವಳು, ಓದಲು ಬಂದು ಇಲ್ಲೇ ಉಳಿದು ಈಗ ಆಸ್ಪತ್ರೆಯ ಪ್ರಯೋಗಾಲಯದಲ್ಲಿದ್ದಾಳೆ. ಮೊದಲ ಸಭೆಯಲ್ಲೇ ಹೇಳಿದಳು:

"ಅಂಕಲ್, ತಪ್ಪು ತಿಳ್ಕೋಬೇಡಿ. ಹೋದ ಸಲ ಸನ್ಮಾನ ಮುಗಿಯೋ ಹೊತ್ತಿಗೆ ಪುಳಿಯೋಗರೆ ಕಲ್ಲಾಗಿತ್ತು. ಮಕ್ಕಳೆಲ್ಲ ಕಾರ್ ಪಾರ್ಕಲ್ಲಿದ್ರು. ಯುಗಾದಿಯಿಂದ ಸನ್ಮಾನ ನಿಲ್ಲಿಸೋಣ."

"ನಾ ಇರೂತನಕ ನಿಲ್ಲಂಗಿಲ್ಲ," ಎಂದರು ರಾಯರು.

ಟೈರ್ ಅಂಗಡಿಯ ಕರೀಮ್ ಸವಣೂರಿನವರು, ರಾಯರ ಹಳೆಯ ಗೆಳೆಯ. "ವಾಮನಣ್ಣ, ಈ ಊರಾಗ ಸನ್ಮಾನ ಆಗದ ಉಳದಾಂವ ನಾ ಒಬ್ಬನ. ನಂದೊಂದು ಮುಗಿಸಿ ಬಂದ್ ಮಾಡಿಬಿಡ್ರಲಾ," ಎಂದರು.

ಎಲ್ಲರೂ ನಕ್ಕರು. ಆ ನಗು ರಾಯರಿಗೆ ತಾಕಿತು. ಆಗ ಇಲ್ಲಿನ ಬಸ್ಸುಗಳ ಮೇಲೆಲ್ಲ ಇಸಾಂದ್ರೋನ ಮುಖ. ಕೊಲಂಬಿಯಾದ ಹಾಡುಗಾರ, ದೇಶದಿಂದ ದೇಶಕ್ಕೆ ಪ್ರವಾಸ ಹೊರಟು, ಆಕ್ಲೆಂಡಿನ ಕ್ರೀಡಾಂಗಣಕ್ಕೆ ಬರುವವನಿದ್ದ. ಅವನ ಸ್ಪ್ಯಾನಿಷ್ ಹಾಡು ಸಭೆಯಲ್ಲಿದ್ದ ಒಬ್ಬರಿಗೂ ಅರ್ಥವಾಗುತ್ತಿರಲಿಲ್ಲ. ಆದರೆ ಎಲ್ಲರ ಮಕ್ಕಳೂ ಅದಕ್ಕೆ ಸೊಂಟ ಕುಣಿಸುತ್ತಿದ್ದರು.

"ಆ ಇಸಾಂದ್ರೋನ ಸಾಮಾನು ಬರೂದು ನನ್ನ ಶೆಡ್ಡಿಗೆ," ಎಂದರು ರಾಯರು, ಎದ್ದು ನಿಂತು. "ಅವನ ತಲಿ ಮ್ಯಾಲೆ ನಮ್ಮ ಪೇಟಾ ಕೂಡಿಸಿ ತೋರಸ್ತೇನಿ. ಕೂತರ ಸನ್ಮಾನ ಉಳೀತು. ಕೂಡಲಿಲ್ಲಂದ್ರ ಯುಗಾದಿಗೆ ಸನ್ಮಾನನೂ ಬಂದ್, ನಾನೂ ಬಂದ್."

"ಒಪ್ಪಿಗೆ ಅಂಕಲ್," ಎಂದಳು ತನುಶ್ರೀ. ಅಷ್ಟು ಬೇಗ ಯಾರೂ ಯಾವುದಕ್ಕೂ ಒಪ್ಪಿದ್ದು ಸಂಘದಲ್ಲಿ ಅದೇ ಮೊದಲು.

ಮನೆಯಲ್ಲಿ ಹೆಂಡತಿ ವಂದನಾ ಕೇಳಿದರು, "ಅಂವ ಹಾಡಿದ್ದು ಒಂದರ ಹಾಡು ಕೇಳೀರೇನು ನೀವು?"

"ಸನ್ಮಾನಕ್ಕ ಹಾಡು ಯಾಕ ಕೇಳಬೇಕು? ಹೋದ ವರ್ಷ ಕವಿಗೆ ಮಾಡಿದ್ನೆಲಾ, ಅವಂದೇನು ಓದಿದ್ದೆ?"

ಪ್ರವಾಸದ ಪೆಟ್ಟಿಗೆಗಳು ಬಂದವು. ಅವುಗಳ ಹಿಂದೆ ಕಪ್ಪು ಟೀ ಶರ್ಟಿನ, ಕೊರಳಲ್ಲಿ ಪಾಸು ನೇತುಹಾಕಿಕೊಂಡ ದಪ್ಪ ಮನುಷ್ಯನೊಬ್ಬ ಬಂದ. ಹೆಸರು ಹೆಕ್ಟರ್. ಊರೂರಿಗೂ ಸಾಮಾನು ಸಾಗಿಸಿ, ಬಿಚ್ಚಿಸಿ, ಕಟ್ಟಿಸುವುದು ಅವನ ಕೆಲಸ. ರಾಯರು ಅವನಿಗೆ ತಮ್ಮ ಊಟದ ಡಬ್ಬಿಯ ಚಕ್ಕುಲಿ ಕೊಟ್ಟರು. ಪೇಟಾದ ಫೋಟೋ ತೋರಿಸಿದರು. ಬರೀ ಹತ್ತು ನಿಮಿಷ ಸಾಕು ಎಂದರು. ಹೆಕ್ಟರ್ ಚಕ್ಕುಲಿ ಮುರಿಯುತ್ತ, "ಶನಿವಾರ ಮಧ್ಯಾಹ್ನ ಹಿಂದಿನ ಗೇಟಿಗೆ ಬನ್ನಿ, ನೋಡೋಣ," ಎಂದ ಇಂಗ್ಲಿಷಿನಲ್ಲಿ.

ನಮ್ಮ ಕಡೆ 'ನೋಡೋಣ' ಎಂದರೆ ಆಗುವುದಿಲ್ಲ ಎಂದರ್ಥ. ಚಂದಾ ಕೇಳಲು ಬಂದವರಿಗೆ, ಹೆಣ್ಣು ತೋರಿಸಲು ಬಂದವರಿಗೆ, ಸಾಲಕ್ಕೆ ಬಂದವರಿಗೆ ವಾಮನರಾಯರೇ ಜೀವನವಿಡೀ ಅದನ್ನು ಹೇಳಿಕೊಂಡು ಬಂದವರು. ಬೇರೆಯವನ ಬಾಯಲ್ಲಿ, ಬೇರೆ ಭಾಷೆಯಲ್ಲಿ ಬಂದಾಗ ಅವರಿಗೆ ಗುರುತು ಸಿಗಲಿಲ್ಲ. ಅಂದೇ ಸಂಜೆ ವಾಟ್ಸ್ಯಾಪ್ ಗುಂಪಿನಲ್ಲಿ, "ಇಸಾಂದ್ರೋ ಅವರು ಸಂತೋಷದಿಂದ ಸಮ್ಮತಿಸಿದ್ದಾರೆ" ಎಂದು ಹಾಕಿಬಿಟ್ಟರು.

ಶನಿವಾರ ಮಧ್ಯಾಹ್ನ ಇಳಕಲ್ ಸೀರೆ, ಜರಿ ಪಂಚೆಗಳ ಒಂದು ಹಿಂಡು ಕರೀಮರ ವ್ಯಾನಿನಿಂದಲೂ ಹಿಂದಿನ ಕಾರುಗಳಿಂದಲೂ ಇಳಿದು ಕ್ರೀಡಾಂಗಣದ ಹಿಂದಿನ ಗೇಟಿನಲ್ಲಿ ನಿಂತಿತು. ಗಾಳಿ ಎಂದರೆ ಗಾಳಿ. ಸೆರಗು ಹಿಡಿಯಲು ಒಂದು ಕೈ, ಆರತಿ ತಟ್ಟೆಗೆ ಒಂದು ಕೈ. ಕಾವಲಿನ ಹೆಂಗಸು ತಟ್ಟೆಯನ್ನು ಪರೀಕ್ಷಿಸಿ, ತೆಂಗಿನಕಾಯಿಯನ್ನು ಎಸೆಯಬಹುದಾದ ವಸ್ತು ಎಂದು ತೆಗೆದಿಟ್ಟುಕೊಂಡಳು. ಊದುಬತ್ತಿ ಹಚ್ಚಕೂಡದು ಎಂದಳು.

ಬಹಳ ಹೊತ್ತಿನ ಮೇಲೆ ಹೆಕ್ಟರ್ ಓಡುತ್ತ ಬಂದ. ಗೇಟಿನ ಹೊರಗೆ ಇಷ್ಟು ರೇಷ್ಮೆಯನ್ನು ನೋಡಿ ಅವನಿಗೆ ಗಾಬರಿಯಾಯಿತು.

"ಕ್ಷಮಿಸಿ, ಅವರು ಮಲಗಿದ್ದಾರೆ. ಯಾರನ್ನೂ ನೋಡುವುದಿಲ್ಲ."

ರಾಯರ ಮುಖ ಇಳಿಯಿತು. ಹಿಂದಿನಿಂದ ಕರೀಮ್, "ವಾಮನಣ್ಣ, ಪುಕ್ಕಟ ಗಾಳಿ ಕುಡದ್ವಿ, ನಡೀರಿ ಮನಿಗೆ," ಎಂದರು. ಯಾರೋ ಕಿಸಕ್ಕೆಂದರು. ಪೇಟಾ ಕೈಯಲ್ಲಿತ್ತು, ಎದುರಿಗೊಂದು ತಲೆ ಇತ್ತು. ಇಷ್ಟು ವರ್ಷಗಳ ಅಭ್ಯಾಸ ಸುಮ್ಮನಿರುತ್ತದೆಯೆ? ರಾಯರು ಪೇಟಾವನ್ನು ಹೆಕ್ಟರನ ತಲೆಗೆ ಇಟ್ಟೇಬಿಟ್ಟರು. ಶಾಲು ಹೊದಿಸಿ, ಗಂಧದ ಹಾರ ಹಾಕಿ, "ಮಹನೀಯರೇ, ಜಗದಗಲ ಸಂಗೀತದ ಹೊರೆ ಹೊತ್ತ..." ಎಂದು ಶುರುಮಾಡಿಯೂ ಬಿಟ್ಟರು.

ಹೆಕ್ಟರ್ ಅಲುಗಾಡದೆ ನಿಂತ. ಅವನ ಕಣ್ಣುಗಳು ತೇವವಾದವು. ತಾನು ಹೊತ್ತ ಸಾಮಾನಿಗಾಗಿ ಅವನಿಗೆ ಯಾರೂ ಇದುವರೆಗೆ ಹೂವೊಂದನ್ನೂ ಕೊಟ್ಟಿರಲಿಲ್ಲವಂತೆ. ಅಷ್ಟರಲ್ಲಿ ಅವನ ಸೊಂಟದ ವಾಕಿಟಾಕಿಯಲ್ಲಿ ಯಾರೋ ಕಿರುಚಿದರು. ಅವನು ರಾಯರ ಎರಡೂ ಕೈ ಹಿಡಿದು ಕುಲುಕಿ, ಪೇಟಾ ಶಾಲು ಹಾರದ ಸಮೇತ ಒಳಗೆ ಓಡಿದ. ಗೇಟು ಮುಚ್ಚಿತು.

"ಪೇಟಾ! ರೀ, ಪೇಟಾ ಸಂಘದ್ದು!" ರಾಯರು ಗೇಟಿನ ಸರಳು ಹಿಡಿದು ಕೂಗಿದರು.

"ಪಾಸ್ ಇಲ್ಲದೆ ಒಳಗಿಲ್ಲ, ಅಂಕಲ್," ಎಂದಳು ಕಾವಲಿನವಳು. ಈ ಊರಿನಲ್ಲಿ ಅಷ್ಟು ಮರ್ಯಾದೆಯಿಂದ ರಾಯರನ್ನು ಬೇರೆ ಯಾರೂ ತಡೆದಿರಲಿಲ್ಲ.

ಕರೀಮರ ಮಗಳು ಲೈಬಾ ಟಿಕೆಟ್ ಕೊಂಡು ಸಂಜೆ ಒಳಗೆ ಹೋಗಿದ್ದಳು. ಅಪ್ಪನಿಗೆ ಸಂದೇಶ ಕಳಿಸಿದಳು: ಇಸಾಂದ್ರೋ ಬರಿದಲೆಯಲ್ಲಿ ಹಾಡಿದ. ಮರುದಿನ ಪೆಟ್ಟಿಗೆಗಳು ರಾಯರ ಶೆಡ್ಡಿಗೆ ಬರುವ ಮೊದಲೇ ಹೆಕ್ಟರ್ ಬೇರೆ ವಿಮಾನದಲ್ಲಿ ಸಿಡ್ನಿಗೆ ಹೋಗಿಯಾಗಿತ್ತು. ಪಂಥ ಸೋತಂತಾಯಿತು.

ಯುಗಾದಿಯ ದಿನ ರಾಯರು ಖಾಲಿ ಡಬ್ಬಿಯನ್ನು ಸಂಘಕ್ಕೆ ಒಪ್ಪಿಸಲು ತಂದರು. ಮುಂದಿನ ಸಾಲಿನಲ್ಲಿ, ಮಗನ ಮನೆಗೆ ಬಂದಿದ್ದ ನಿವೃತ್ತ ಎಂಜಿನಿಯರ್ ಗುರುರಾಜ್, ಏನೂ ಗೊತ್ತಿಲ್ಲದೆ, ಇಸ್ತ್ರಿ ಮಾಡಿದ ಕೋಟು ತೊಟ್ಟು ತಮ್ಮ ಸನ್ಮಾನಕ್ಕಾಗಿ ಕಾಯುತ್ತಿದ್ದರು. ರಾಯರು ಮೈಕಿನ ಬಳಿ ಹೋಗುವಷ್ಟರಲ್ಲಿ ಲೈಬಾ ಮೊಬೈಲ್ ಹಿಡಿದು ಓಡಿಬಂದಳು.

"ಅಂಕಲ್, ವೇಟ್! ಸಿಡ್ನಿ ಶೋ! ಲುಕ್ ಅಟ್ ಹಿಸ್ ಹೆಡ್!"

ಇಸಾಂದ್ರೋನ ತಲೆಯ ಮೇಲೆ ಪೇಟಾ. ಹಿಂದುಮುಂದಾಗಿತ್ತು, ಆದರೂ ನಮ್ಮದೇ. ಅವನ ಹಿಂದೆ ಮರೆಯಲ್ಲಿ ಹೆಕ್ಟರ್ ಶಾಲು ಹೊದ್ದು ಚಪ್ಪಾಳೆ ತಟ್ಟುತ್ತಿದ್ದ. ಸಭಾಂಗಣ ಸಿಳ್ಳೆ ಹಾಕಿತು.

"ಕೂತಿತು! ಸನ್ಮಾನ ಉಳೀತು!" ರಾಯರು ಡಬ್ಬಿ ಎತ್ತಿ ಹಿಡಿದರು.

"ಉಳೀತು ಅಂಕಲ್, ಒಪ್ಕೊಂಡೆ," ಎಂದಳು ತನುಶ್ರೀ. "ಸರಿ, ಶುರು ಮಾಡಿ. ಪೇಟಾ ಎಲ್ಲಿ?"

ರಾಯರು ಡಬ್ಬಿಯೊಳಗೆ ನೋಡಿದರು. ನುಸಿಗುಳಿಗೆಗಳಿದ್ದವು.

"ಶಾಲಷ್ಟೇ ಸಾಕ್ ಬಿಡ್ರಿ," ಎಂದರು ಕರೀಮ್.

"ಪೇಟಾ ಇಲ್ಲದ ಸನ್ಮಾನ ಸನ್ಮಾನನೇ ಅಲ್ಲ!" ಎಂದು ಗದರಿದರು ರಾಯರು. ಅದು ಅವರೇ ಮಾಡಿದ್ದ ನಿಯಮ. ಒಮ್ಮೆ ಆನ್‌ಲೈನಿನಲ್ಲಿ ಯಾರೋ ತರಿಸಿದ್ದ ಪೇಟಾವನ್ನು ಫ್ಯಾನ್ಸಿ ಡ್ರೆಸ್‌ನ ಟೊಪ್ಪಿಗೆ ಎಂದು ಎಸೆದವರೂ ಅವರೇ. ಮಾತು ಬಾಯಿಂದ ಹೊರಬಿದ್ದ ಮೇಲೆ ಅವರಿಗೆ ತಾವು ಹೇಳಿದ್ದೇನೆಂದು ತಿಳಿಯಿತು.

"ಹಾಗಾದ್ರೆ ಪೇಟಾ ವಾಪಸ್ ಬಂದ ದಿನದಿಂದ ಶುರು ಮಾಡೋಣ ಅಂಕಲ್," ಎಂದಳು ತನುಶ್ರೀ ಮೃದುವಾಗಿ. ಗುರುರಾಜ್ ಕೋಟಿನ ಗುಂಡಿ ಬಿಚ್ಚಿಕೊಂಡರು. ಅಂದು ಹೋಳಿಗೆ ಎಲೆಗೆ ಬಿದ್ದಾಗ ಬಿಸಿಯಾಗಿತ್ತು.

ಪೇಟಾ ಇನ್ನೂ ಬಂದಿಲ್ಲ. ಹೆಕ್ಟರನಿಗೆ ರಾಯರು ಸಂದೇಶ ಕಳಿಸುತ್ತಲೇ ಇದ್ದಾರೆ. ಅವನ ಉತ್ತರ ಪ್ರತಿ ಸಲವೂ ಒಂದೇ: ನೋಡೋಣ. ಈಗ ಅದರ ಅರ್ಥ ಅವರಿಗೆ ಗೊತ್ತು. ಲಿಮಾ, ಸ್ಯಾಂಟಿಯಾಗೊ ಎಂದು ಪೇಟಾ ಸುತ್ತುತ್ತಿದೆ. ಅದಕ್ಕೆ ಯಾರೋ ಒಂದು ಕೆಂಪು ಗರಿಯನ್ನೂ ಸಿಕ್ಕಿಸಿದ್ದಾರೆ. ಒಂದೂ ಹಾಡು ಕೇಳದಿದ್ದ ವಾಮನರಾಯರು ಈಗ ಪ್ರತಿ ಊರಿನ ವಿಡಿಯೋವನ್ನೂ ಬಿಡದೆ ನೋಡುತ್ತಾರೆ. ಪೇಟಾ ಯಾವ ಹಾಡಿಗೆ ಹೊರಬರುತ್ತದೆ ಎಂಬುದು ವಂದನಾ ಅವರಿಗೂ ಬಾಯಿಪಾಠವಾಗಿದೆ.

ಹಾಡು ಮುಗಿದು ಜನ ಚಪ್ಪಾಳೆ ತಟ್ಟುವಾಗ ರಾಯರು ಟೀವಿಯ ಹತ್ತಿರ ಹೋಗಿ, ಇಸಾಂದ್ರೋನ ಕಿವಿಯ ಬಳಿ ಬಾಗಿ, "ಪೇಟಾ ಸಂಘದ್ದರೀ, ವಾಪಸ್ ಕೊಡ್ರಿ" ಎನ್ನುತ್ತಾರೆ.

ಇಸಾಂದ್ರೋ ಎದೆಗೆ ಕೈ ಒತ್ತಿ ತಲೆ ಬಾಗಿಸುತ್ತಾನೆ.